ಎಐ ಸುರಕ್ಷತೆಗೆ ಇನ್ನಷ್ಟು ಜನ ಬೇಕೆ?

2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಓಪನ್‌ಎಐ ಸಂಸ್ಥೆ ದೋಣಿ ಪಂದ್ಯದ ಒಂದು ವಿಡಿಯೋ ಗೇಮನ್ನು ಎಐಗೆ ಕಲಿಸಿತು. ಹೆಚ್ಚು ಅಂಕ ಗಳಿಸಬೇಕು ಎಂಬುದೇ ಅದಕ್ಕಿದ್ದ ಆದೇಶ. ಎಐ ಪಂದ್ಯ ಮುಗಿಸುವ ಗೋಜಿಗೇ ಹೋಗಲಿಲ್ಲ. ಒಂದು ಮೂಲೆಯಲ್ಲಿ ಗಿರಕಿ ಹೊಡೆಯುತ್ತ, ಬೇರೆ ದೋಣಿಗಳಿಗೆ ಡಿಕ್ಕಿ ಕೊಟ್ಟು, ತನಗೇ ಬೆಂಕಿ ಹತ್ತಿಸಿಕೊಂಡು, ಅಂಕ ಕೊಡುವ ವಸ್ತುಗಳನ್ನು ಮತ್ತೆ ಮತ್ತೆ ಉರುಳಿಸಿತು. ಮನುಷ್ಯ ಆಟಗಾರರ ಸರಾಸರಿಗಿಂತ ಅದಕ್ಕೆ ಸಿಕ್ಕ ಅಂಕ ಶೇ 20ರಷ್ಟು ಹೆಚ್ಚು! ನಾವು ಹೇಳಿದ್ದಕ್ಕೂ ನಮಗೆ ಬೇಕಾದದ್ದಕ್ಕೂ ನಡುವಿನ ಈ ಬಿರುಕನ್ನು ಮುಚ್ಚುವುದು ಎಐ ಸುರಕ್ಷತೆಯ ಮುಖ್ಯ ಕೆಲಸಗಳಲ್ಲೊಂದು.

ಅದೇ ವರ್ಷ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎಐ ವಿಜ್ಞಾನಿ ಸ್ಟುವರ್ಟ್ ರಸೆಲ್ ಇದಕ್ಕೆಂದೇ ಒಂದು ಕೇಂದ್ರ ತೆರೆದರು. ಇಂದು ಬೇ ಏರಿಯಾ ಈ ವಿದ್ಯೆಯ ತವರು. ಸನಿವೇಲ್, ಫ್ರೀಮಾಂಟ್‌ಗಳ ನಮ್ಮ ಕನ್ನಡಿಗ ಎಂಜಿನಿಯರ್‌ಗಳೂ ಈ ಕ್ಷೇತ್ರಕ್ಕೆ ಹೋಗಬೇಕೆ?

ಉತ್ತರ ಸಲೀಸಲ್ಲ. 2017ರಲ್ಲಿ ಓಪನ್‌ಎಐ ಮತ್ತು ಗೂಗಲ್ ಒಡೆತನದ ಡೀಪ್‌ಮೈಂಡ್‌ನ ಸುರಕ್ಷತಾ ಸಂಶೋಧಕರು ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಎಐನ ಎರಡು ಪ್ರಯತ್ನಗಳನ್ನು ಮನುಷ್ಯರಿಗೆ ತೋರಿಸಿ ಯಾವುದು ಮೇಲೆಂದು ಕೇಳುವುದು, ಆ ಆಯ್ಕೆಗಳಿಂದಲೇ ಎಐ ಪಾಠ ಕಲಿಯುವುದು. ಸುಮಾರು 900 ಸಲ ಹೀಗೆ ಆರಿಸಿಕೊಟ್ಟಾಗ ಕಂಪ್ಯೂಟರ್ ಪರದೆಯ ರೋಬೋ ಹಿಮ್ಮುಖವಾಗಿ ಲಾಗ ಹಾಕಲು ಕಲಿಯಿತು. ಎಐ ಮನುಷ್ಯರ ಮಾತು ಕೇಳಲಿ ಎಂದು ರೂಪಿಸಿದ ಈ ವಿಧಾನವೇ ಮುಂದೆ 2022ರಲ್ಲಿ ಚಾಟ್‌ಜಿಪಿಟಿಯನ್ನು ಜನಪ್ರಿಯ ಸರಕಾಗಿಸಲು ನೆರವಾಯಿತು, ಕಂಪನಿಗಳ ಪೈಪೋಟಿಗೆ ಇನ್ನಷ್ಟು ವೇಗ ತಂದಿತು. ಹಾಗಾಗಿ ಸುರಕ್ಷತೆಯ ಹೆಸರಿನ ಹುದ್ದೆ ಸಿಕ್ಕ ಮಾತ್ರಕ್ಕೆ ಅಪಾಯ ಕಡಿಮೆ ಮಾಡಿದೆವು ಎನ್ನಲಾಗದು. ಕಂಪನಿಯ ಒಳಗಿನ ತಂಡಕ್ಕೆ ಭದ್ರತೆಯೂ ಕಡಿಮೆ. 2023ರ ಜುಲೈನಲ್ಲಿ ಓಪನ್‌ಎಐ ತಾನು ಆವರೆಗೆ ಹೊಂದಿಸಿಕೊಂಡಿದ್ದ ಗಣಕಬಲದ ಶೇ 20 ಭಾಗವನ್ನು ಕೊಡುವುದಾಗಿ ಸಾರಿ ಕಟ್ಟಿದ ಸುರಕ್ಷತಾ ತಂಡ 2024ರ ಮೇ ಹೊತ್ತಿಗೆ ವಿಸರ್ಜನೆಯಾಗಿತ್ತು.

ನನ್ನ ಮಟ್ಟಿಗೆ, ಜನ ಬೇಕು. ಅದಕ್ಕಿಂತ ಹೆಚ್ಚಾಗಿ, ಹೊರಗೆ ನಿಂತು ತಪಾಸಣೆ ಮಾಡುವವರು ಬೇಕು. ಬರ್ಕ್ಲಿಯ ಮೆಟರ್‌ನಂಥ ಲಾಭರಹಿತ ಸಂಸ್ಥೆಗಳು ಮಾಡುತ್ತಿರುವುದು ಅದನ್ನೇ. ನಾನಿಲ್ಲದಿದ್ದರೆ ಈ ಕೆಲಸ ನಿಲ್ಲುತ್ತದೆಯೇ, ಇನ್ನೊಬ್ಬರು ಅಷ್ಟೇ ಚೆನ್ನಾಗಿ ಮಾಡುತ್ತಾರೆಯೇ ಎಂದು ಈ ಕ್ಷೇತ್ರಕ್ಕೆ ಹೊರಡುವವರು ಮೊದಲು ಯೋಚಿಸಲಿ. ಎಚ್‌-1ಬಿ ವೀಸಾದಲ್ಲಿರುವವರಿಗಂತೂ ಕೆಲಸ ಹೋದರೆ ಹೊಸದನ್ನು ಹುಡುಕಲು ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ರಾಜೀನಾಮೆಗೆ ಮುಂಚೆ ವಾರಾಂತ್ಯಗಳಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡುವುದು ಜಾಣತನ.

ಕನ್ನಡ ಬಲ್ಲವರಿಗೆ ಇಲ್ಲಿ ವಿಶೇಷ ಕೆಲಸವೇ ಇದೆ. 2023ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಅಪಾಯಕಾರಿ ಪ್ರಶ್ನೆಗಳನ್ನು ಜುಲುವಿನಂಥ, ಅಂತರ್ಜಾಲದಲ್ಲಿ ವಿರಳವಾದ ಕೆಲವು ಭಾಷೆಗಳಿಗೆ ತಿರುಗಿಸಿ ಜಿಪಿಟಿ-4ರ ಮುಂದಿಟ್ಟರು. ಶೇ 79ರಷ್ಟು ಪ್ರಶ್ನೆಗಳ ವಿಷಯದಲ್ಲಿ ಆ ಭಾಷೆಗಳಲ್ಲಿ ಒಂದರಲ್ಲಾದರೂ ಅದರ ಸುರಕ್ಷತಾ ನಿರ್ಬಂಧ ಮುರಿಯಿತು. ಇಂಗ್ಲಿಷಿನಲ್ಲಿ ಅದೇ ಪ್ರಶ್ನೆಗಳನ್ನು ಅದು ಹೆಚ್ಚುಕಡಿಮೆ ಪೂರ್ತಿ ತಿರಸ್ಕರಿಸಿತ್ತು. ಕನ್ನಡದಲ್ಲೂ ಹೀಗಾಗಬಹುದೇ? ನೀವು ಬಳಸುವ ಎಐ ಕನ್ನಡದಲ್ಲಿ ಎಲ್ಲೆಲ್ಲಿ ಎಡವುತ್ತದೆಂದು ಪರೀಕ್ಷಿಸಿ, ಬರೆದಿಟ್ಟು, ತಯಾರಕರಿಗೆ ತಿಳಿಸಿ. ಅದಕ್ಕೆ ಈಗಿರುವ ಕೆಲಸ ಬಿಡಬೇಕಿಲ್ಲ.