ಎಪ್ಪತ್ತಕ್ಕೆ ಎಪ್ಪತ್ತು ಕೂಡಿದರೆ ಎಪ್ಪತ್ತಮೂರು

ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಶಬ್ದಮಾಲಿನ್ಯ ತಡೆಗೆ 2000ದಲ್ಲಿ ಬಂದ ನಿಯಮಗಳು ನಮ್ಮ ದೇಶದಲ್ಲಿ ಹಾಕಿರುವ ಮಿತಿ ಇದು. ರಾತ್ರಿಗೆ ಹತ್ತೇ ಹತ್ತು ಕಡಿಮೆಯಲ್ಲವೇ ಅನ್ನಿಸುತ್ತದೆ. ನಿಜಕ್ಕೂ ನಿಯಮ ಹೇಳುತ್ತಿರುವುದು ಬೇರೆ: ಹಗಲಿನ ಸದ್ದಿಗೆ ಎಷ್ಟು ಶಕ್ತಿ ಸಲ್ಲುತ್ತದೋ ರಾತ್ರಿಗೆ ಅದರ ಹತ್ತನೇ ಒಂದು ಪಾಲು ಮಾತ್ರ. 'ಬರೀ ಹತ್ತು ಜಾಸ್ತಿ ಆಗಿದೆ ಸಾರ್' ಎನ್ನುವ ಡಿಜೆಯವನು ಹತ್ತು ಪಟ್ಟು ಶಕ್ತಿಯನ್ನು ಬೀದಿಗೆ ಸುರಿಯುತ್ತಿರುತ್ತಾನೆ. ನಮ್ಮ ಕಿವಿ ಅದನ್ನು ಸುಮಾರು ಎರಡರಷ್ಟು ಜೋರು ಎಂದಷ್ಟೇ ಗ್ರಹಿಸುವುದರಿಂದ ಅವನ ಮಾತು ನಂಬುವಂತಿರುತ್ತದೆ, ಅಷ್ಟೆ.

ಡೆಸಿಬಲ್ ಕಿಲೋ, ಮೀಟರುಗಳಂಥ ಅಳತೆಯಲ್ಲ. ಒಂದು ಇನ್ನೊಂದರ ಎಷ್ಟು ಪಟ್ಟು ಎಂಬುದನ್ನು ಲಾಗರಿದಮ್ ಮೂಲಕ ಹೇಳುವ ರೀತಿ ಅದು. ಎರಡು ಶಕ್ತಿಗಳನ್ನು ಭಾಗಿಸಿ, ಬಂದದ್ದರ ಲಾಗ್ ತೆಗೆದು, ಹತ್ತರಿಂದ ಗುಣಿಸಿದರೆ ಡೆಸಿಬಲ್. ಲಾಗ್ ಕೋಷ್ಟಕ ಕಂಡರೆ ಓಡಿಹೋಗುತ್ತಿದ್ದವರೂ ಹೆದರಬೇಕಿಲ್ಲ. ಎರಡು ಪಟ್ಟಿಗೆ 3, ಹತ್ತು ಪಟ್ಟಿಗೆ 10, ಇವೆರಡು ನೆನಪಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. 26 ಡೆಸಿಬಲ್ ಎಂದರೆ 10, 10, 3, 3. ಅಂದರೆ ಹತ್ತು ಹತ್ತಲೆ ನೂರು, ಎರಡೆರಡಲೆ ನಾಲ್ಕು, ಒಟ್ಟು 400 ಪಟ್ಟು. 70 ಡೆಸಿಬಲ್ ಸದ್ದಿನ ಜನರೇಟರ್ ಪಕ್ಕ ಅಂಥದ್ದೇ ಇನ್ನೊಂದನ್ನು ಇಟ್ಟರೆ 140 ಆಗುವುದಿಲ್ಲ, ಶಕ್ತಿ ಇಮ್ಮಡಿಸಿ 73 ಆಗುತ್ತದೆ. 

ವೋಲ್ಟೇಜ್ ಅಥವಾ ಗಾಳಿಯ ಒತ್ತಡವನ್ನು ಹೋಲಿಸುವಾಗ ಮಾತ್ರ ಹತ್ತರ ಬದಲು ಇಪ್ಪತ್ತರಿಂದ ಗುಣಿಸಬೇಕು. ವೋಲ್ಟೇಜ್ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದಲ್ಲ, ಅದಕ್ಕೆ. ವೋಲ್ಟೇಜನ್ನು ನೂರು ಪಟ್ಟು ಹಿಗ್ಗಿಸುವ ಆಂಪ್ಲಿಫೈಯರಿನ ಗೇನ್ 40 ಡೆಸಿಬಲ್.

ಯಾವುದಕ್ಕೆ ಹೋಲಿಸಿ ಎಂದು ಕೇಳದೆ ಡೆಸಿಬಲ್ ಅಂಕಿಯನ್ನು ನಂಬಬಾರದು. ಸದ್ದಿನ ಲೆಕ್ಕ ಶುರುವಾಗುವುದು 20 ಮೈಕ್ರೋಪಾಸ್ಕಲ್ ಒತ್ತಡದಿಂದ. ಒಳ್ಳೆಯ ಕಿವಿಗೆ ಕೇಳಿಸೀತು ಎನ್ನುವಷ್ಟು ಸಣ್ಣ ಸದ್ದು ಅದು. ಅಲ್ಲಿಂದ ಕಿವಿ ನೋಯಿಸುವ 120 ಡೆಸಿಬಲ್ ವರೆಗೆ ಶಕ್ತಿ ಲಕ್ಷ ಕೋಟಿ ಪಟ್ಟು ಏರಿರುತ್ತದೆ. ಸೊನ್ನೆ ಎಂದರೆ ನಿಶ್ಶಬ್ದವೂ ಅಲ್ಲ. ಪ್ರತಿಧ್ವನಿಯೇ ಇಲ್ಲದಂತೆ ಕಟ್ಟಿದ ಪ್ರಯೋಗ ಕೋಣೆಗಳಲ್ಲಿ ಮೈನಸ್ ಅಂಕಿಗಳೂ ಸಿಕ್ಕಿವೆ.

ಈ ಅಳತೆ ಹುಟ್ಟಿದ್ದು ಸಂಗೀತಕ್ಕಲ್ಲ, ತಂತಿಗಾಗಿ. ದೂರವಾಣಿ ತಂತಿಯಲ್ಲಿ ಸಾಗುತ್ತ ಮಾತು ಕ್ಷೀಣಿಸುವುದನ್ನು ಅಮೆರಿಕದ ಎಂಜಿನಿಯರುಗಳು 'ಇಷ್ಟು ಮೈಲಿ ಮಾದರಿ ಕೇಬಲ್' ಎಂದು ಅಳೆಯುತ್ತಿದ್ದರು. 1920ರ ದಶಕದಲ್ಲಿ ಬೆಲ್ ಸಂಸ್ಥೆಯವರು ಅದನ್ನು ಬಿಟ್ಟು, ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರಲ್ಲಿ 'ಬೆಲ್' ಅನ್ನೂ ಅದರ ಹತ್ತನೇ ಒಂದಾದ ಡೆಸಿಬಲ್ಲನ್ನೂ ತಂದರು.

ಇವತ್ತು ಮನೆಗೆ ಫೈಬರ್ ಎಳೆಯಲು ಬರುವ ಹುಡುಗನ ಕೈಯಲ್ಲಿರುವ ಪವರ್ ಮೀಟರಿನಲ್ಲೂ ಅದೇ. ಅಲ್ಲಿ ಹೋಲಿಕೆ ಒಂದು ಮಿಲಿವ್ಯಾಟಿಗೆ, ಹೆಸರು ಡಿಬಿಎಂ. ಕೇಂದ್ರದಿಂದ ಪ್ಲಸ್ 3, ಅಂದರೆ 2 ಮಿಲಿವ್ಯಾಟ್ ಬೆಳಕು ಹೊರಟಿತು ಎನ್ನೋಣ. ಹತ್ತು ಕಿಲೋಮೀಟರ್ ಫೈಬರ್‌ನಲ್ಲಿ 3 ಹೋಯಿತು. ಒಂದು ಎಳೆಯನ್ನು 32 ಮನೆಗೆ ಹಂಚುವ ಸ್ಪ್ಲಿಟರ್‌ನಲ್ಲಿ ಐದು ಸಲ ಅರ್ಧವಾಗಿ 15, ಜೊತೆಗೆ ಅದರದ್ದೇ ನಷ್ಟ 2. ಜೋಡಣೆಗಳಲ್ಲಿ ಇನ್ನೆರಡು. ಉಳಿದದ್ದು ಮೈನಸ್ 19, ಹೊರಟದ್ದರ ಸುಮಾರು 160ನೇ ಒಂದು ಪಾಲು. ಭಾಗಾಕಾರದ ಗೋಜೇ ಇಲ್ಲದೆ ಕೂಡಿ ಕಳೆದು ಸಿಕ್ಕಿದ ಉತ್ತರ. ಸಾಮಾನ್ಯ ಮೋಡೆಮ್ ಮೈನಸ್ 27ರವರೆಗೆ ತಾಳುತ್ತದೆ. ಸೋಫಾ ಸರಿಸುವಾಗ ವೈರು ಮಡಚಿಕೊಂಡು ಇನ್ನೊಂದು ಹತ್ತು ಹೋಯಿತೋ, ಮೈನಸ್ 29. ಕೆಂಪು ದೀಪ ಮಿನುಗುತ್ತದೆ, ಧಾರಾವಾಹಿ ಅರ್ಧಕ್ಕೆ ನಿಲ್ಲುತ್ತದೆ.