ಮೊದಲು ಕುಲುಮೆ ಗಟ್ಟಿಯಾಗಲಿ, ತಿದಿ ಆಮೇಲೆ

ನರಸಿಂಹರಾಜಪುರದಿಂದ ಕೊಪ್ಪ, ಅಲ್ಲಿಂದ ಶೃಂಗೇರಿ. ಈ ದಾರಿಯಲ್ಲಿ ಸಮತಟ್ಟು ನೆಲ ಅಪರೂಪ. ಅಡಿಕೆ ಮೂಟೆ ಹೇರಿಕೊಂಡ ಟರ್ಬೊ ಡೀಸೆಲ್ ಪಿಕಪ್ ಏರನ್ನು ನಿರಾಯಾಸವಾಗಿ ಹತ್ತುತ್ತದೆ. ಹಿಂದೆ ಬರುವ ಹಳೆಯ ಪೆಟ್ರೋಲ್ ಕಾರು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತದೆ. ‘ಇದಕ್ಕೂ ಒಂದು ಟರ್ಬೊ ಕೂರಿಸಿದರೆ?’ ಎಂಬ ಆಸೆ ಹುಟ್ಟುವುದು ಇಂಥ ಏರಿನಲ್ಲೇ.

ಟರ್ಬೊ ಎಂದರೆ ಇಂಜಿನ್ನಿನ ತಿದಿ. ಕಮ್ಮಾರನ ತಿದಿ ಕೆಂಡಕ್ಕೆ ಗಾಳಿ ಊದುವಂತೆ ಇದು ಸಿಲಿಂಡರಿಗೆ ಗಾಳಿ ತುರುಕುತ್ತದೆ. ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆಯೇ ಅದನ್ನು ತಿರುಗಿಸುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇದರ ತಾಕತ್ತು ಸಾಬೀತಾದದ್ದೂ ಬೆಟ್ಟದ ಮೇಲೆಯೇ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 14,000 ಅಡಿ ಎತ್ತರದ ಪೈಕ್ಸ್ ಪೀಕ್‌ಗೆ ಲಿಬರ್ಟಿ ವಿಮಾನದ ಇಂಜಿನ್ ಸಾಗಿಸಿದರು. ತೆಳುಗಾಳಿಯಲ್ಲಿ 230 ಅಶ್ವಶಕ್ತಿಗೆ ಕುಸಿದ ಇಂಜಿನ್, ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು.

<b>ಒಳಗಿನ ಕಟ್ಟಡ</b>

ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚು ಬೇಕು. ಒತ್ತಡವೂ ಬಿಸಿಯೂ ಏರುತ್ತವೆ. ಪ್ಲಗ್ಗಿನ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ನಾಕಿಂಗ್’. ಪಿಸ್ಟನ್ ಒಡೆಯುವುದು, ಕರಗಿ ತೂತಾಗುವುದು ಇದರಿಂದಲೇ.

ಆದ್ದರಿಂದ ಇಂಜಿನ್ ಬಿಚ್ಚಿ ಒಳಗಿನಿಂದ ಕಟ್ಟಬೇಕು. ಎರಕದ ಪಿಸ್ಟನ್ ತೆಗೆದು ಫೋರ್ಜ್ ಮಾಡಿದ್ದನ್ನು ಹಾಕುತ್ತಾರೆ. ಕನೆಕ್ಟಿಂಗ್ ರಾಡ್ ಕೂಡ ಅಂಥದ್ದೇ. ಎರಕಕ್ಕಿಂತ ಬಡಿದ ಲೋಹ ಗಟ್ಟಿ ಎಂಬುದು ನಮ್ಮ ಕಮ್ಮಾರರು ಬಲ್ಲ ಮಾತು. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಬೋರಿನಲ್ಲಿ ಸ್ವಲ್ಪ ಹೆಚ್ಚು ಸಡಿಲ ಬಿಡಬೇಕು. ರಿಂಗ್‌ಗಳ ಬಾಯಿಯಲ್ಲೂ ಸಂದು ಹೆಚ್ಚಿರಬೇಕು. ಇಲ್ಲದಿದ್ದರೆ ತುದಿಗಳು ಒಂದಕ್ಕೊಂದು ಒತ್ತಿ ಪಿಸ್ಟನ್ ಅಂಚು ಮುರಿಯುತ್ತದೆ. ಕಂಪ್ರೆಷನ್ ಅನುಪಾತ 10.5ರಷ್ಟಿದ್ದರೆ 9ರ ಆಸುಪಾಸಿಗೆ ಇಳಿಸುವುದು ರೂಢಿ. ಪದರಪದರದ ಉಕ್ಕಿನ ಹೆಡ್ ಗ್ಯಾಸ್ಕೆಟ್, ಬಲವಾದ ಸ್ಟಡ್‌ಗಳು, ದೊಡ್ಡ ಇಂಜೆಕ್ಟರ್, ಗಾಳಿ ತಣಿಸುವ ಇಂಟರ್‌ಕೂಲರ್, ಇವೆಲ್ಲಕ್ಕೂ ಹೊಂದುವಂತೆ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಟ್ಯೂನಿಂಗ್ ಆಗಬೇಕು. ಒಂದು ಕೊಂಡಿ ಸಡಿಲವಾದರೂ ಉಳಿದ ಖರ್ಚು ನೀರುಪಾಲು.

<b>ಕಾಫಿ ತೋಟದ ಪರೀಕ್ಷೆ</b>

ಹೀಗೆ ಕಟ್ಟಿದ ಇಂಜಿನ್ ಏನು ಮಾಡಬಲ್ಲದು ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದಾಗ ಚಾಲಕ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫ್ಯಾಬಿಯಾ ಆರ್5. ಅದರದು ಬರೀ 1.6 ಲೀಟರ್ ಟರ್ಬೊ ಇಂಜಿನ್. 2016 ಮತ್ತು 2017ರಲ್ಲಿ ಅವರು ಆ ಚಾಂಪಿಯನ್‌ಷಿಪ್ ಗೆದ್ದರು.

ಆದರೆ ಅದು ಸ್ಪರ್ಧೆಯ ಕಾರು. ನಿತ್ಯ ಓಡಾಡುವ ಕಾರನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಘಟ್ಟದ ದಾರಿಗೆ ಟರ್ಬೊ ಬೇಕಿದ್ದರೆ ಕಾರ್ಖಾನೆಯಲ್ಲೇ ಅದಕ್ಕೆಂದು ಕಟ್ಟಿದ ಗಾಡಿ ಕೊಳ್ಳಿ. ಏರು ಹತ್ತಿ ನಿಂತಾಗ ಒಂದು ನಿಮಿಷ ಐಡಲಿನಲ್ಲಿ ಬಿಟ್ಟು ಆಫ್ ಮಾಡಿ. ಟರ್ಬೊದ ಬೇರಿಂಗ್ ತಣಿಯುತ್ತದೆ. ರ‍್ಯಾಲಿಗೆಂದೇ ಇಂಜಿನ್ ಕಟ್ಟುವ ಹುಡುಗರು ಮೊದಲ ದುಡ್ಡನ್ನು ಪಿಸ್ಟನ್, ರಾಡ್, ಗ್ಯಾಸ್ಕೆಟ್‌ಗೆ ಹಾಕಲಿ. ತಿದಿ ಕೊನೆಗೆ ಬರಲಿ.