ಮನವಿ ಹಿಡಿದು ನಿಂತವರು

ಹಾವೇರಿಯ ಹೊಸಮನಿ ಸಿದ್ದಪ್ಪ ಸರ್ಕಲ್‌ನಲ್ಲಿ ಹನ್ನೊಂದು ಗಂಟೆಯಾಗುವ ಮೊದಲೇ ಹಲಗೆಯ ಸದ್ದು ಏಳುತ್ತದೆ. ಟ್ರ್ಯಾಕ್ಟರ್ ಟ್ರೇಲರಿನಿಂದ ಒಬ್ಬೊಬ್ಬರೇ ಇಳಿಯುತ್ತಾರೆ. ಹೆಗಲ ಮೇಲಿನ ಹಸಿರು ಶಾಲನ್ನು ಕೊಡವಿ ತಲೆಗೆ ಸುತ್ತಿಕೊಳ್ಳುತ್ತಾರೆ. ಚಹಾದಂಗಡಿಯವನು ಎರಡನೇ ಪಾತ್ರೆ ಒಲೆಗಿಡುತ್ತಾನೆ. ಒಂದು ದಿನ ಬೆಳೆವಿಮೆಯ ರೈತರು, ಇನ್ನೊಂದು ದಿನ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು, ಮತ್ತೊಂದು ದಿನ ಹಾಸ್ಟೆಲ್ ಹುಡುಗರು. ಬ್ಯಾನರ್ ಬದಲಾಗುತ್ತದೆ, ಕೂರುವ ಜಾಗ ಬದಲಾಗುವುದಿಲ್ಲ. ನಾಲ್ಕು ದಿಕ್ಕಿನ ರಸ್ತೆ ಕೂಡುವಲ್ಲಿ, ಡಾಂಬರಿನ ಮೇಲೆಯೇ, ಚಪ್ಪಲಿ ಬಿಚ್ಚಿ ಅದರ ಮೇಲೆ ಕುಳಿತರೆ ಧರಣಿ ಶುರುವಾದಂತೆ.

ಸಾರಿಗೆ ಬಸ್ಸೊಂದು ಹಾರ್ನ್ ಹೊಡೆಯುತ್ತದೆ. ಪಿಎಸ್‌ಐ ಮುಂದೆ ಬಂದು, ಮೊದಲ ಸಾಲಿನ ಹಿರಿಯರ ಎದುರು ತುಸು ಬಾಗುತ್ತಾರೆ.

“ಯಜಮಾನ್ರ, ಒಂದ್ ಕಡಿ ಸರದ ಕೂಡ್ರಿ. ಬಸ್ಸಿಗೆ ದಾರಿ ಆಗ್ಲಿ.”

“ಸಾಹೇಬ್ರು ಬಂದ ಮ್ಯಾಲೆ ಸರೀತೀವ್ರಿ.”

“ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ್ರಿ.”

“ಹಂಗಾರ ನಾವೂ ಇಲ್ಲೇ ಅದೀವ್ರಿ.”

ಈ ಮಾತುಕತೆ ಈ ಸರ್ಕಲ್‌ನಲ್ಲಿ ಎಷ್ಟು ಸಲ ನಡೆದಿದೆಯೋ! ಎರಡೂ ಕಡೆಯವರಿಗೆ ಮುಂದಿನದು ಗೊತ್ತು. ಅರ್ಧ ಗಂಟೆಗೆ ತಹಶೀಲ್ದಾರರ ಜೀಪು ಬರುತ್ತದೆ. ಮುಖಂಡರು ಮನವಿ ಓದುತ್ತಾರೆ, ಅಧಿಕಾರಿ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ, ‘ಮೇಲಿನವರಿಗೆ ಕಳಿಸುತ್ತೇನೆ’ ಎನ್ನುತ್ತಾರೆ, ಫೋಟೊ ಆಗುತ್ತದೆ. ಬಸ್ಸು ಹೊರಡುತ್ತದೆ. ಕೆಲವು ದಿನ ಮೆರವಣಿಗೆ ಇಲ್ಲಿಗೇ ನಿಲ್ಲದೆ ಊರಾಚೆ ದೇವಗಿರಿಯ ಜಿಲ್ಲಾಡಳಿತ ಭವನದತ್ತ ಸಾಗುತ್ತದೆ. ಅಲ್ಲಿ ಗೇಟಿಗೆ ಅಡ್ಡಲಾಗಿ ಹಳದಿ ಬ್ಯಾರಿಕೇಡು, ಅದರ ಹಿಂದೆ ಕಾನ್‌ಸ್ಟೆಬಲ್‌ಗಳ ಸಾಲು. ಆ ಸಾಲಿನಲ್ಲಿ ನಿಂತ ಹುಡುಗರಲ್ಲಿ ಎಷ್ಟೋ ಮಂದಿ ಇದೇ ಸೀಮೆಯ ಒಕ್ಕಲು ಮನೆಗಳವರು. ಮಳೆ ಬಿದ್ದಿತೇ, ಬೀಜ ಸಿಕ್ಕಿತೇ ಎಂದು ರಾತ್ರಿ ಮನೆಗೆ ಫೋನ್ ಮಾಡುವವರು. ಬ್ಯಾರಿಕೇಡಿನ ಆಚೆಯವರು ಕೂಗುವ ಬೇಡಿಕೆ ಅವರ ಮನೆಯದೂ ಆಗಿರುತ್ತದೆ.

ಹೀಗೆ ಕೂರುವುದು ಯಾರೋ ದಯಪಾಲಿಸಿದ್ದಲ್ಲ. ಶಾಂತವಾಗಿ, ಆಯುಧವಿಲ್ಲದೆ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರಜೆಗಳಿಗೆ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆಗಾಗಿ ಅದಕ್ಕೆ ನ್ಯಾಯಯುತವಾದ ಕಟ್ಟುಪಾಡು ಹಾಕಬಹುದು. ಬೀದಿಯಲ್ಲಿ ಸಭೆಯೇ ಕೂಡದೆಂದು ಬಾಗಿಲು ಮುಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಷ್ಟು ಹಿಂದೆಯೇ, ಅಹಮದಾಬಾದಿನ ಹಿಮ್ಮತ್ ಲಾಲ್ ಶಾ ಪ್ರಕರಣದಲ್ಲಿ ಹೇಳಿತು. ಸರ್ಕಲ್‌ನಲ್ಲಿ ಕುಳಿತ ಅಜ್ಜನಿಗೆ ವಿಧಿಯ ಸಂಖ್ಯೆ ಬೇಕಿಲ್ಲ. ಅಲ್ಲಿಂದ ತನ್ನನ್ನು ಎಬ್ಬಿಸಿ ಒಯ್ಯುವುದು ಸುಲಭವಲ್ಲ ಎಂಬ ಭರವಸೆ ಅವನು ಕೂರುವ ರೀತಿಯಲ್ಲೇ ಇದೆ.

ಆದರೆ ಇದೇ ಊರಿನಲ್ಲಿ ಆ ಭರವಸೆ ಮುರಿದ ದಿನವೊಂದಿದೆ. 2008ರ ಜೂನ್ 10.

ಮೃಗಶಿರ ಮಳೆಯ ಹೊತ್ತದು. ಮಣ್ಣು ಹದಕ್ಕೆ ಬಂದಿತ್ತು. ಹತ್ತಿ, ಗೋವಿನಜೋಳ ಬಿತ್ತುವವರಿಗೆ ಡಿಎಪಿ ಗೊಬ್ಬರ ಬೇಕಿತ್ತು. ಬಿತ್ತುವಾಗಲೇ ಬೇರಿನ ಬುಡಕ್ಕೆ ಸಿಗಬೇಕಾದ ಗೊಬ್ಬರವದು. ಹದ ಹೋದ ಮೇಲೆ ಲಾರಿಗಟ್ಟಲೆ ಬಂದರೂ ಆ ಹಂಗಾಮಿಗೆ ಹೆಚ್ಚು ಉಪಯೋಗವಿಲ್ಲ. ಒಕ್ಕಲುತನ ಮಾಡದವರಿಗೆ ಈ ಆತುರ ಅರ್ಥವಾಗುವುದು ಕಷ್ಟ. ಕಚೇರಿಯ ಭಾಷೆಯಲ್ಲಿ ‘ನಾಲ್ಕು ದಿನ ತಡ’ ಎಂಬುದು ಹೊಲದಲ್ಲಿ ಒಂದು ವರ್ಷದ ನಷ್ಟ. ರಾತ್ರಿಯ ಬುತ್ತಿ ಕಟ್ಟಿಕೊಂಡು ಬಂದು ಸರದಿಯಲ್ಲಿ ನಿಂತವರು ‘ಸ್ಟಾಕ್ ಇಲ್ಲ’ ಎಂಬ ಮಾತು ಕೇಳಿ ರಸ್ತೆಗಿಳಿದರು. ಗದ್ದಲ ಬೆಳೆಯಿತು, ಕಲ್ಲು ಬಿದ್ದವು, ವಾಹನಗಳಿಗೆ ಬೆಂಕಿ ಬಿತ್ತು. ಪೊಲೀಸರು ಗುಂಡು ಹಾರಿಸಿದರು. ಸಿದ್ಧಲಿಂಗಪ್ಪ ಚೂರಿ, ಪುಟ್ಟಪ್ಪ ಹೊನ್ನತ್ತಿ ಎಂಬ ಇಬ್ಬರು ರೈತರ ಜೀವ ಹೋಯಿತು. ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಸರ್ಕಾರ ಬಂದು ಆಗ ಹನ್ನೊಂದೇ ದಿನ.

ಕಲ್ಲೆಸೆದದ್ದು ಸರಿಯೆಂದು ನಾನು ಬರೆಯಲಾರೆ. ಗೊಬ್ಬರ ಕೇಳಲು ಬಂದವರ ಗುಂಪಿನತ್ತ ಬಂದೂಕಿನ ನಳಿಗೆ ತಿರುಗಿದ್ದನ್ನು ಒಪ್ಪಲು ಅದಕ್ಕಿಂತ ಕಷ್ಟವಾಗುತ್ತದೆ. ಕಾನೂನುಬಾಹಿರ ಎನಿಸಿದ ಗುಂಪಿಗೆ ಮೊದಲು ಚದುರುವಂತೆ ಆದೇಶ ಕೊಡಬೇಕು, ಆಮೇಲಷ್ಟೇ ಬಲ, ಅದೂ ಎಷ್ಟು ಕಡಿಮೆ ಸಾಕೋ ಅಷ್ಟೇ. ಇದು ಪೊಲೀಸರಿಗೆ ತರಬೇತಿಯಲ್ಲೇ ಕಲಿಸುವ ಪಾಠ. ಆದರೂ ಕರ್ನಾಟಕದ ರೈತ ಚಳವಳಿಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಬಿದ್ದ ದಿನಗಳು ಗುಂಡಿನ ದಿನಗಳೇ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದವರ ಮೇಲೆ ಗುಂಡು ಹಾರಿತು. ರಾಜ್ಯ ರೈತ ಸಂಘ ಹುಟ್ಟಿದ್ದು ಅದೇ ವರ್ಷ. ಮಲೆನಾಡಿನಿಂದ ಬಯಲುಸೀಮೆಯವರೆಗೆ ಹಸಿರು ಶಾಲು ಹಬ್ಬಿದ್ದು ಆ ಸಿಟ್ಟಿನ ಬೆನ್ನಿಗೆ.

ಪ್ರತಿ ವರ್ಷ ಜೂನ್ 10 ಬಂದರೆ ಹಾವೇರಿಯಲ್ಲಿ ರೈತರು ಸೇರುತ್ತಾರೆ. ಬಿತ್ತನೆಯ ಬಿರುಸಿನಲ್ಲೂ ಒಂದು ಹೊತ್ತು ಬಿಡುವು ಮಾಡಿಕೊಂಡು ಬಂದು ಹೂವಿಟ್ಟು, ಕಾಯಿ ಒಡೆದು, ಇಬ್ಬರ ಹೆಸರು ಕೂಗುತ್ತಾರೆ. ಭಾಷಣ ಮುಗಿಯುವ ಹೊತ್ತಿಗೆ ಆ ವರ್ಷದ ಗೊಬ್ಬರದ ಮಾತು ಬಂದೇ ಬರುತ್ತದೆ.

ಈ ಸೀಮೆ ಗುಂಡಿನ ಸದ್ದು ಕೇಳಿದ್ದು ಅದೇ ಮೊದಲಲ್ಲ. ಹಾವೇರಿಯ ರೈಲು ನಿಲ್ದಾಣಕ್ಕೆ ಮೈಲಾರ ಮಹಾದೇವಪ್ಪನವರ ಹೆಸರಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಈ ಯುವಕ 1930ರಲ್ಲಿ ಸಬರಮತಿಯಿಂದ ದಂಡಿಯವರೆಗೆ ಗಾಂಧೀಜಿಯ ಜೊತೆ ನಡೆದ ತಂಡದಲ್ಲಿದ್ದ ಕನ್ನಡಿಗ. ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಉಪ್ಪಿಗೆ ಕರ ಕೊಡೆವು ಎಂದು ನಡೆದ ಆ ಕಾಲ್ನಡಿಗೆಗಿಂತ ಶಾಂತವಾದ, ಅಷ್ಟೇ ದಿಟ್ಟವಾದ ಮೆರವಣಿಗೆ ಈ ದೇಶದ ನೆನಪಿನಲ್ಲಿ ಇನ್ನೊಂದಿಲ್ಲ. ಕ್ವಿಟ್ ಇಂಡಿಯಾ ದಿನಗಳಲ್ಲಿ ದಾರಿ ಬೇರೆಯಾಯಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಿದ್ದರು. ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಸಂಗಾತಿಗಳೂ. ಅಂದು ಗುಂಡು ಹೊಡೆದದ್ದು ಪರಕೀಯರ ಸರ್ಕಾರ. 2008ರಲ್ಲಿ ಸತ್ತವರದು ತಾವೇ ಮತ ಹಾಕಿ ಆರಿಸಿದ ಸರ್ಕಾರ. ಈ ವ್ಯತ್ಯಾಸವೇ ನನ್ನನ್ನು ಹೆಚ್ಚು ಕಾಡುವುದು.

ಮೋಟೆಬೆನ್ನೂರು ದಾಟಿ ಬ್ಯಾಡಗಿಗೆ ತಿರುಗಿದರೆ ಊರು ಕಾಣುವ ಮೊದಲೇ ಗಂಟಲಿಗೆ ಘಾಟು ತಾಗುತ್ತದೆ. ಮಾರ್ಚ್ ತಿಂಗಳ ಸೋಮವಾರ ಅಥವಾ ಗುರುವಾರ ಎಪಿಎಂಸಿ ಪ್ರಾಂಗಣಕ್ಕೆ ಹೋಗಿ ನಿಲ್ಲಬೇಕು. ನೆಲ ಎಲ್ಲಿದೆ ಎಂದು ಹುಡುಕುವಂತೆ ಕೆಂಪು ಹಾಸಿರುತ್ತದೆ. ದಲಾಲಿ ಅಂಗಡಿಗಳ ಮುಂದೆ ಬಾಯಿ ಬಿಚ್ಚಿದ ಚೀಲಗಳ ಸಾಲು. ಸುಕ್ಕು ಸುಕ್ಕಾದ, ಗಾಢ ಬಣ್ಣದ, ಅಷ್ಟೇನೂ ಖಾರವಿಲ್ಲದ ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಬಣ್ಣದ ಎಣ್ಣೆ ಹೊರದೇಶಗಳಿಗೂ ಹೋಗುತ್ತದೆ. ಹಮಾಲರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಾರೆ. ನೆರಳಿನಲ್ಲಿ ಕುಳಿತ ಹೆಣ್ಣುಮಕ್ಕಳು ಕಾಯಿಯ ತೊಟ್ಟು ಬಿಡಿಸುತ್ತಾ, ಉರಿಯುವ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಬಳ್ಳಾರಿ, ರಾಯಚೂರು, ಗಡಿಯಾಚೆಯ ಕರ್ನೂಲು ಕಡೆಯ ರೈತರು ರಾತ್ರಿಯೇ ಲಾರಿಯಲ್ಲಿ ಬಂದು ತಮ್ಮ ಚೀಲದ ಮೇಲೆಯೇ ಮಲಗಿರುತ್ತಾರೆ. ಬೆಳಿಗ್ಗೆ ಖರೀದಿದಾರರು ಬಂದು ಕಾಯಿ ಹಿಸುಕಿ, ಮೂಸಿ, ಹಸಿಯಿದೆಯೇ ನೋಡಿ ಹೋಗುತ್ತಾರೆ. ದರ ಕಂಪ್ಯೂಟರಿನಲ್ಲಿ ನಮೂದಾಗುತ್ತದೆ. ಮಧ್ಯಾಹ್ನ ಇ–ಟೆಂಡರ್ ತೆರೆದ ಮೇಲೆ ಲಾಟಿನ ದರ ರೈತನಿಗೆ ತಿಳಿಯುತ್ತದೆ. ಎಂಟು ತಿಂಗಳ ದುಡಿಮೆಗೆ ಬಂದ ಬೆಲೆ ಒಂದು ಸಾಲಿನಲ್ಲಿ ಬರೆದಿರುತ್ತದೆ. ಅದು ಯಾಕೆ ಅಷ್ಟು ಎಂದು ಆ ಸಾಲು ಹೇಳುವುದಿಲ್ಲ.

2024ರ ಮಾರ್ಚ್ 11, ಸೋಮವಾರ, ಆ ದರ ಕುಸಿದಿತ್ತು. ಹಿಂದೆ ಕ್ವಿಂಟಲ್‌ಗೆ ಇಪ್ಪತ್ತು ಸಾವಿರದ ಆಸುಪಾಸು ಇದ್ದದ್ದು ಎಂಟು ಹತ್ತು ಸಾವಿರಕ್ಕೆ ಇಳಿದಿದೆ ಎಂಬುದು ರೈತರ ದೂರು. ಪ್ರಾಂಗಣ ತುಂಬ ಚೀಲ, ಚೀಲಕ್ಕಿಂತ ಹೆಚ್ಚು ಜನ. ಸಿಟ್ಟಾದವರು ಎಪಿಎಂಸಿ ಕಚೇರಿಗೆ ನುಗ್ಗಿದರು. ಗಾಜು ಒಡೆದವು, ವಾಹನಗಳು ಉರಿದವು, ಬೆಂಕಿ ಆರಿಸಲು ಬಂದ ಅಗ್ನಿಶಾಮಕ ವಾಹನಕ್ಕೇ ಬೆಂಕಿ ಹಚ್ಚಿದರು. ಅಷ್ಟು ಜನರ ಮುಂದೆ ಪೊಲೀಸರ ಸಂಖ್ಯೆ ಕಡಿಮೆಯಿತ್ತು, ಅವರಲ್ಲೂ ಗಾಯಗೊಂಡವರಿದ್ದರು. ಹೊರ ಜಿಲ್ಲೆಗಳಿಂದ ಪಡೆ ಬಂತು, ಹತ್ತಾರು ಜನರ ಬಂಧನವಾಯಿತು. ಆ ದಿನ ಗುಂಡು ಮಾತ್ರ ಯಾರ ಜೀವವನ್ನೂ ತೆಗೆಯಲಿಲ್ಲ. ಹದಿನಾರು ವರ್ಷದ ಹಿಂದಿನ ಹಾವೇರಿಯನ್ನು ಕಂಡವರು ಇದನ್ನು ಸಣ್ಣ ಸಂಗತಿ ಎನ್ನಲಾರರು.

ಬೆಂಕಿ ಹಚ್ಚುವುದು ಸಭೆ ಸೇರುವ ಹಕ್ಕಿನೊಳಗೆ ಬರುವುದಿಲ್ಲ. ಕಚೇರಿ ಸುಟ್ಟವರ ಪರವಾಗಿ ಸಂವಿಧಾನ ನಿಲ್ಲುವುದಿಲ್ಲ. ಆದರೆ ದರ ಗೊತ್ತಾದ ಗಳಿಗೆಗೂ ಮೊದಲ ಕಲ್ಲು ಹಾರಿದ ಗಳಿಗೆಗೂ ನಡುವೆ ಒಂದು ಹೊತ್ತು ಇರುತ್ತದೆ. ಆಗ ಜನ ಇನ್ನೂ ಕೇಳುತ್ತಿರುತ್ತಾರೆ: ‘ಯಾಕ್ರೀ ಇಷ್ಟು ಇಳೀತು? ಇವತ್ತ ಟೆಂಡರ್ ನಿಲ್ಲಿಸ್ರಿ.’ ಆ ಹೊತ್ತಿನಲ್ಲಿ ಮೈಕು ಹಿಡಿದು, ರೈತರ ಭಾಷೆಯಲ್ಲೇ, ದರದ ಲೆಕ್ಕ ಬಿಚ್ಚಿಡುವ ಅಧಿಕಾರಿಯೊಬ್ಬ ಪ್ರಾಂಗಣದ ನಡುವೆ ಇರಬೇಕು. ಆವಕ ತುಂಬುವ ಮಾರ್ಚ್ ತಿಂಗಳ ಪ್ರತಿ ಸೋಮವಾರ, ಗುರುವಾರ ಇರಬೇಕು. ಲಾಠಿ ಹಿಡಿದ ಇನ್ನೂರು ಜನರನ್ನು ಸಂಜೆ ಕಳಿಸುವ ಬದಲು ಉತ್ತರ ಬಲ್ಲ ಒಬ್ಬರನ್ನು ಮಧ್ಯಾಹ್ನ ಕಳಿಸಿರಿ ಎಂಬುದು ನನ್ನ ಬೇಡಿಕೆ.

ಇಂಥ ಗಲಾಟೆಗಳ ಮರುದಿನ ಸಾಮಾನ್ಯವಾಗಿ ನಿಷೇಧಾಜ್ಞೆ ಬರುತ್ತದೆ. ಊರವರ ಬಾಯಲ್ಲಿ ಇವತ್ತಿಗೂ ‘ಒನ್ ಫಾರ್ಟಿಫೋರ್’. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163ನೇ ಸೆಕ್ಷನ್. ಸಂಖ್ಯೆ ಬದಲಾದರೂ ಬ್ರಿಟಿಷರ ಕಾಲದಿಂದ ಬಂದ ಅಧಿಕಾರ ಅದೇ. ಅದಕ್ಕೆ ಕಡಿವಾಣ ಹಾಕಿದ ಮಾತು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ನ್ಯಾಯಬದ್ಧವಾದ ಅಭಿಪ್ರಾಯವನ್ನು, ಕುಂದುಕೊರತೆಯನ್ನು ಹತ್ತಿಕ್ಕಲು ಈ ಅಧಿಕಾರ ಬಳಸುವಂತಿಲ್ಲ ಎಂದಿತು. ಮರುತಿಂಗಳೇ ನಮ್ಮ ಹೈಕೋರ್ಟ್, 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಗಳ ವೇಳೆ ಬೆಂಗಳೂರಿನಲ್ಲಿ ಹೊರಡಿಸಿದ್ದ ಆಜ್ಞೆ ಕಾನೂನಿಗೆ ತಕ್ಕದ್ದಲ್ಲ ಎಂದು ತೀರ್ಪಿತ್ತಿತು. ರಾಜಧಾನಿಯ ಈ ತೀರ್ಪು ತಾಲ್ಲೂಕು ಠಾಣೆಯ ಮೇಜಿನವರೆಗೆ ಇಳಿಯಬೇಕು. ಮೆರವಣಿಗೆಯ ಹಿಂದಿನ ರಾತ್ರಿ ಮುಖಂಡರ ಮನೆಗೆ ಜೀಪು ಹೋಗುವುದು, ಕುಳಿತವರನ್ನು ಬಸ್ಸಿಗೆ ತುಂಬಿ ಸಂಜೆ ಬಿಡುವುದು ನಮ್ಮ ರಾಜ್ಯದಲ್ಲಿ ಎಷ್ಟು ಮಾಮೂಲಾಗಿದೆಯೆಂದರೆ, ಹಾಗೆ ಮಾಡಲು ಕಾರಣ ಬರೆದಿಡಬೇಕೆಂಬುದೇ ಮರೆತುಹೋಗುತ್ತದೆ.

ರಾಣೆಬೆನ್ನೂರಿನ ಚಿತ್ರ ಬೇರೆ. ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಬಸ್ ನಿಲ್ದಾಣದ ಸುತ್ತ ತರಕಾರಿ ಬೀಜ, ಹತ್ತಿ ಬೀಜದ ಬೋರ್ಡುಗಳು ಮೇಲಿಂದ ಮೇಲೆ ತೂಗುತ್ತವೆ. ಇಲ್ಲಿನ ಧರಣಿಗೆ ತುಂಗಾ ಮೇಲ್ದಂಡೆ ಕಾಲುವೆಗೆ ಹೋದ ಜಮೀನಿನ ಪರಿಹಾರ ಹಳೆಯ ವಿಷಯ. ಆದರೆ ಈ ತಾಲ್ಲೂಕಿನ ದೊಡ್ಡ ಕಥೆ ನದಿಯ ಕಡೆಯಿಂದ ಬಂದದ್ದು. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಕೊಳೆ ತುಂಗಭದ್ರೆಗೆ ಸೇರಿ, 1984ರಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದವು. ನದಿಹರಳಹಳ್ಳಿಯಂಥ ದಂಡೆಯ ಊರುಗಳಲ್ಲಿ ಬಲೆಯೂ ಖಾಲಿ, ಕುಡಿಯುವ ಕೊಡವೂ ಖಾಲಿ. ಮೀನುಗಾರರು, ರೈತರು, ಈ ತಾಲ್ಲೂಕಿನ ಮೇಡ್ಲೇರಿಯಲ್ಲಿ ಕೆಲಸ ಮಾಡುತ್ತಿದ್ದ ಎಸ್.ಆರ್. ಹಿರೇಮಠರಂಥವರು ಕೂಡಿದರು. ಸಮಾಜ ಪರಿವರ್ತನ ಸಮುದಾಯ ಕಟ್ಟಿಕೊಂಡರು.

ಅದೇ ಕಾರ್ಖಾನೆಗೆ ತಿರುಳಿನ ಮರ ಒದಗಿಸಲು ಸರ್ಕಾರ ಅದರ ಜೊತೆ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿತು. ದನ ಮೇಯಿಸುವ, ಸೌದೆ ಆರಿಸುವ ಹಳ್ಳಿಗಳ ಸುಮಾರು 30,000 ಹೆಕ್ಟೇರ್ ಜಮೀನು ನೀಲಗಿರಿಗೆ ಹೋಗುವುದಿತ್ತು. ಕೋಟ ಶಿವರಾಮ ಕಾರಂತರೂ ಕೂಡಿ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟಿನ ಜೊತೆಗೆ ನೆಲದ ಮೇಲೂ ಉತ್ತರ ಬೇಕಿತ್ತು.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿಗೆ ಸುಮಾರು ಎರಡು ಸಾವಿರ ಜನ ನಡೆದುಬಂದರು. ಗುಟ್ಟು ಮಾಡಿರಲಿಲ್ಲ, ದಿನ ಸಾರಿಯೇ ಬಂದಿದ್ದರು. ಕಂಪನಿಯ ನೆಡುತೋಪಿಗೆ ಹೋಗಿ ನೂರರಷ್ಟು ನೀಲಗಿರಿ ಸಸಿ ಕಿತ್ತರು. ಕಿತ್ತ ಗುಣಿ ಖಾಲಿ ಬಿಡದೆ ಹಣ್ಣಿನ, ಮೇವಿನ ಸಸಿ ಇಟ್ಟು ಮಣ್ಣು ಮುಚ್ಚಿದರು. ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ ಎಂದು ಇಂದಿಗೂ ಕರೆಯುವುದು ಇದನ್ನೇ. ಕಾನೂನು ಮೀರಿದ ಕೆಲಸವೇ, ನಿಜ. ಆದರೆ ಮುಖ ಮುಚ್ಚಿಕೊಳ್ಳದೆ, ಯಾರ ಮೈಗೂ ಕೈ ಹಚ್ಚದೆ, ಶಿಕ್ಷೆಗೆ ಸಿದ್ಧವಾಗಿಯೇ ಮಾಡಿದ್ದು. ಆ ಗುಂಪಿನಲ್ಲಿದ್ದವರು ಒಂದು ಜೀಪನ್ನೂ ಸುಡಲಿಲ್ಲ, ಅವರತ್ತ ಒಂದು ಗುಂಡೂ ಹಾರಲಿಲ್ಲ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಸತ್ಯಾಗ್ರಹದ ಹೊತ್ತಿಗೆ ಕುಸನೂರು ಧಾರವಾಡ ಜಿಲ್ಲೆಯ ಒಂದು ಮೂಲೆಯ ಹಳ್ಳಿ. ಬೆಂಗಳೂರಿನಿಂದ ಅಷ್ಟು ದೂರದ ಆ ಹೊಲದಲ್ಲಿ ಕೂಗಿದ್ದು ವಿಧಾನಸೌಧಕ್ಕೆ ಕೇಳಿಸಲು ಮತ್ತೆ ಮೂರ್ನಾಲ್ಕು ವರ್ಷ ಹಿಡಿಯಿತು. ಸಹಿ ಸಂಗ್ರಹ, ಪಾದಯಾತ್ರೆ, ಕೋರ್ಟಿನ ಅಲೆದಾಟ ಯಾವುದನ್ನೂ ಅವರು ಬಿಡಲಿಲ್ಲ. 1991ರ ಹೊತ್ತಿಗೆ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನೇ ಮುಚ್ಚಿತು.